ಬಾಣಂತಿಗೆ ಲಿಮಿಟ್ ಹಾಕಿದ ನೀರು

ಮಗಳು ಹುಟ್ಟಿದಾಗ ನಾವು ಬಹ್ರೇನಿನ ಹಿದ್ ಎಂಬಲ್ಲಿ ಒಂದು ವಿಲ್ಲಾದಲ್ಲಿದ್ದೆವು. ಗಂಡನಿಗೆ ಅಲ್ಲೇ ಬಂದರಿನ ಬಳಿ ಸರಕು ಸಾಗಣೆ ಕಂಪನಿಯಲ್ಲಿ ಮ್ಯಾನೇಜರ್ ಕೆಲಸ. ಮನೆಗೆ ಅವರು ಆಸೆಪಟ್ಟು ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿದ್ದರು. ಒಂದೊಂದು ಕೋಣೆ ಒಂದೊಂದು ಝೋನ್. ಯಾವುದಕ್ಕೆ ಎಷ್ಟು ತಂಪು, ಎಷ್ಟು ಬಿಸಿ, ಗೀಸರ್ ಯಾವಾಗ ಆನ್ ಆಗಬೇಕು, ಎಲ್ಲವೂ ಅವರ ಫೋನಿನಲ್ಲಿ. ಗೋಡೆಯ ಮೇಲಿನ ಬಿಳಿ ಡಬ್ಬಿಯನ್ನು ನಾನು ಮುಟ್ಟಿದರೆ ಬೀಗದ ಚಿತ್ರ ಬರುತ್ತಿತ್ತು. "ಮಕ್ಕಳು ಮುಟ್ಟಬಾರದಲ್ವಾ, ಅದಕ್ಕೆ ಲಾಕ್," ಎಂದಿದ್ದರು. ಆಗ ಮನೆಯಲ್ಲಿ ಮಕ್ಕಳೇ ಇರಲಿಲ್ಲ.

ಬಾಣಂತನಕ್ಕೆ ಅಮ್ಮ ಊರಿನಿಂದ ಬಂದರು. ಗಲ್ಫ್ ಎಂದರೆ ಸೆಕೆ ಎಂದುಕೊಂಡು ಸ್ವೆಟರ್ ತಂದಿರಲಿಲ್ಲ. ಜನವರಿಯ ಉತ್ತರದ ಗಾಳಿ ಕಿಟಕಿಯ ಸಂದಿಯಿಂದ ಒಳಗೆ ನುಗ್ಗುತ್ತಿತ್ತು, ನೆಲದ ಟೈಲ್ಸ್ ಮೇಲೆ ಕಾಲಿಡಲು ಆಗುತ್ತಿರಲಿಲ್ಲ.

ಮೊದಲ ದಿನ ಅಮ್ಮ ನನ್ನ ಮೈಗೆಲ್ಲ ಎಣ್ಣೆ ತಿಕ್ಕಿ, ಸೊಂಟದ ಮೇಲೆ ನೀರು ಹೊಯ್ಯಲು ಶುರು ಮಾಡಿದ್ದರಷ್ಟೆ, ನಲ್ಲಿಯ ನೀರು ತಣ್ಣಗಾಯಿತು. ನಡುಗುತ್ತಲೇ ಗಂಡನಿಗೆ ಫೋನ್ ಮಾಡಿದೆ.

"ಗೀಸರ್ ಎಷ್ಟು ಹೊತ್ತಿಂದ ಆನ್ ಉಂಟು ಗೊತ್ತಾ? ಸೇಫ್ಟಿಗೆ ಲಿಮಿಟ್ ಹಾಕಿದ್ದೇನೆ," ಎಂದರು.

"ನಾನು ಎಣ್ಣೆ ಮೈಯಲ್ಲಿ ಕೂತಿದ್ದೇನೆ."

"ಹಾಗಾದ್ರೆ ಬೇಗ ಮುಗಿಸಿ."

ಅವರು ಕಿರುಚಲಿಲ್ಲ. ಜೀವಮಾನದಲ್ಲೇ ಕಿರುಚಿದವರಲ್ಲ. ಅದನ್ನು ಎಲ್ಲರೂ ಹೊಗಳುತ್ತಿದ್ದರು.

ಮರುದಿನದಿಂದ ಅಮ್ಮ ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಟ್ಟೆಯಲ್ಲಿ ಹಿಡಿದು, ಹಾಲ್ ದಾಟಿ ಹೊತ್ತು ತರತೊಡಗಿದರು. ಅವರು ಮಲಗುತ್ತಿದ್ದ ಕೋಣೆಯಂತೂ ಬೆಚ್ಚಗಾಗಲೇ ಇಲ್ಲ. ಊಟಕ್ಕೆ ಕೂತಾಗ ಅದನ್ನು ಹೇಳಿದೆ. ಗಂಡ ಫೋನ್ ತೆಗೆದು ಒಂದು ಗ್ರಾಫ್ ತೋರಿಸಿದರು.

"ನೋಡು, ಇವರು ಹಗಲಿಡೀ ನಿನ್ನ ರೂಮಲ್ಲೇ ಇರ್ತಾರೆ. ಸೆನ್ಸರ್ ಹೇಳ್ತದೆ. ಖಾಲಿ ಝೋನ್‌ಗೆ ಹೀಟಿಂಗ್ ಯಾಕೆ?"

ಅವರ ತಟ್ಟೆಗೆ ಮೀನು ಬಡಿಸುತ್ತಿದ್ದ ಅಮ್ಮ ಬಗ್ಗಿ ನೋಡಿದರು. "ನಾನು ಎಲ್ಲಿ ಕೂತದ್ದು, ಎಲ್ಲಿ ಎದ್ದದ್ದು, ಎಲ್ಲ ಇದ್ರಲ್ಲಿ ಬರ್ತದಾ?"

"ಹೌದಮ್ಮ, ಆಟೋಮ್ಯಾಟಿಕ್." ಹೆಮ್ಮೆಯಿಂದಲೇ ಹೇಳಿದರು.

ಅಮ್ಮ ಸೌಟು ಕೆಳಗಿಟ್ಟರು. ಆಮೇಲೆ ಊಟ ಮಾಡಲಿಲ್ಲ.

ಆ ವಾರವೇ ಗಂಡ ಆಫೀಸಿಗೆ ಹೋದ ಮೇಲೆ ಪೇಟೆಯ ಗುಫೂಲ್ ಏರಿಯಾದಿಂದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಗೀಸರ್‌ಗೆ ಸಾದಾ ಸ್ವಿಚ್ ಹಾಕಲು ಹೇಳಿದೆ. ಅವತ್ತು ಅಮ್ಮ ಹೊಯ್ದ ನೀರಿಗೆ ಬೆನ್ನು ಕೆಂಪಾಯಿತು. "ಇದು ಸ್ನಾನ," ಎಂದರು ಅಮ್ಮ. ಬಹ್ರೇನಿಗೆ ಬಂದ ಮೇಲೆ ಅವರು ನಕ್ಕಿದ್ದು ಅದೊಂದೇ ಸಲ. ಮಗುವೂ ನಾನೂ ಒಟ್ಟಿಗೆ ನಿದ್ದೆ ಹೋದೆವು.

ಗೀಸರ್ ಆಫ್‌ಲೈನ್ ಎಂದು ಫೋನಿನಲ್ಲಿ ಕಂಡು ಗಂಡ ಮಧ್ಯಾಹ್ನವೇ ಬಂದರು. ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ವಿಚ್ ಬಿಚ್ಚಿದರು. ಕೈ ತೊಳೆದು ಅಮ್ಮನ ಎದುರು ಕೂತರು.

"ನಿಮಗೆ ಇಲ್ಲಿ ಕಷ್ಟ ಆಗ್ತಾ ಉಂಟು ಅಮ್ಮ. ಬೇಗ ಹೊರಡುವ ಹಾಗೆ ಟಿಕೆಟ್ ಬದಲಾಯಿಸಿದ್ದೇನೆ."

ಕೇಳಿದ್ದಲ್ಲ, ಹೇಳಿದ್ದು. ಕಾರಿನಲ್ಲಿ ಬರುತ್ತಲೇ ಮಾಡಿ ಮುಗಿಸಿದ್ದರು.

ಹೊರಡುವಾಗ ಅಮ್ಮ ನನ್ನ ಕೋಣೆಯ ಬಾಗಿಲು ಮುಂದೆ ಮಾಡಿ, "ನೀನೂ ಬಾ," ಎಂದರು.

"ಮಗುವಿಗೆ ಪಾಸ್‌ಪೋರ್ಟ್ ಆಗ್ಲಿಲ್ಲ ಅಮ್ಮ."

"ಆದ ಮೇಲೆ ಬರ್ತೀಯಾ?"

ನಾನು ಮಗುವಿನ ಹೊದಿಕೆ ಎಳೆದು ಸರಿಮಾಡಿದೆ.

ಎರಡನೆಯ ಮಗುವಿಗೂ ಅದೇ ಮನೆ. ಅಮ್ಮ ಬರಲಿಲ್ಲ. "ಆ ಮನೆಗೆ ಬೇಡ, ನೀನು ಇಲ್ಲಿಗೆ ಬಂದು ಹೆರು," ಎಂದಿದ್ದರು. ಗಂಡ ಒಪ್ಪಲಿಲ್ಲ. ಸ್ನಾನ ಮಾಡಿಸಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದರು. ಲಿಮಿಟ್ ದಾಟದ ಹಾಗೆ, ಉಗುರುಬೆಚ್ಚಗಿನ ನೀರು ಹೊಯ್ದು ಅವಳು ಹೋಗುತ್ತಿದ್ದಳು. ನೋಡಲು ಬಂದ ನಮ್ಮ ಕಡೆಯ ಹೆಂಗಸರು, "ಆಫೀಸಲ್ಲಿ ಕೂತೇ ಮನೆ ನೋಡಿಕೊಳ್ಳುವ ಗಂಡ, ನೀನು ಪುಣ್ಯ ಮಾಡಿದ್ದೀ," ಎನ್ನುತ್ತಿದ್ದರು. ನಾನು ಚಹಾ ಕೊಡುತ್ತಿದ್ದೆ.

ಚಳಿ ಬಿದ್ದರೆ ಈಗಲೂ ಸೊಂಟ ಹಿಡಿಯುತ್ತದೆ. ಡಾಕ್ಟರ್ ಕ್ಯಾಲ್ಸಿಯಂ ಕಡಿಮೆ ಎನ್ನುತ್ತಾರೆ. ನಾನು ವಾದಿಸುವುದಿಲ್ಲ.