ಬಸವಂತರ ಪಹರೆ

ಎಂಬತ್ತೆರಡನೇ ಇಸವಿಯಲ್ಲಿ ಫೌಜು ಬಿಟ್ಟ ಹವಾಲ್ದಾರ ಬಸವಂತರು ನಾಗಪುರದಲ್ಲಿ ಹಿಡಿಯದ ವಾಚ್‌ಮನ್ ಕೆಲಸವಿಲ್ಲ, ಹಿಡಿದು ಕಳೆದುಕೊಳ್ಳದ್ದೂ ಇಲ್ಲ. ಸದರ್ ಬಜಾರಿನ ಬಟ್ಟೆ ಅಂಗಡಿಯಿರಲಿ, ಖಾಪರಖೇಡಾದ ಗೋದಾಮಿರಲಿ, ಬಂದವರಿಗೆ ಲಾಠಿ ಅಡ್ಡ ಹಿಡಿದು, "ಥಮ್! ಕೌನ್ ಆತಾ ಹೈ?" - ನಿಲ್ಲು, ಯಾರು ಬರುತ್ತಿರುವುದು - ಎಂದು ಗುಡುಗುತ್ತಾರೆ. ಫೌಜಿನ ರಿವಾಜಿನಂತೆ "ದೋಸ್ತ್" ಎಂಬ ಜವಾಬು ಬರದೆ ಮಾಲೀಕನನ್ನೂ ಒಳಗೆ ಬಿಡುವುದಿಲ್ಲ. ಪಲ್ಟನ್ನಿನಲ್ಲಿ ಕರ್ನಲ್ ಸಾಹೇಬರನ್ನೇ ಹೀಗೆ ತಡೆದು ಶಾಬಾಷ್ ಗಿಟ್ಟಿಸಿದವರು. ಸೇಠಜಿಗಳು ಮಾತ್ರ ಸಂಜೆಯೊಳಗೆ ಮನೆಗೆ ಕಳಿಸುತ್ತಾರೆ. "ಮಾಲಕರ ಗುರ್ತ ಹತ್ತಲಿಲ್ಲೇನ್ರಿ?" ಎಂದು ನೆರೆಮನೆಯ ನಾವು ಕೇಳಿದರೆ, "ಹತ್ತಿತ್ರಿ. ಗುರ್ತಿನವ್ರನ್ನ ಹಂಗs ಬಿಟ್ರ ಅದು ಡ್ಯೂಟಿ ಹೆಂಗಾಗ್ತೈತಿ?" ಎಂದು ನಮಗೇ ಪಾಠ. ಕೆಲಸವಿಲ್ಲದ ದಿನಗಳಲ್ಲಿ ಮನೆಯ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಾರೆ. ಆಗ ಹೆಂಡತಿ ಭಾನುಮತಿಬಾಯಿ ಸಂತೆಯಿಂದ ಬಂದವರು ಭಾರದ ಚೀಲ ಹಿಡಿದೇ ಹೊಸ್ತಿಲಾಚೆ ನಿಲ್ಲುತ್ತಾರೆ; ಗಂಡ ಕೇಳುವವರೆಗೂ ಕಾದು, "ದೋಸ್ತ್ ರೀ" ಎಂದು ಹೇಳಿಯೇ ಒಳಗೆ ಬರುತ್ತಾರೆ.