ತಂದೆಯ ಹೆಸರಿನ ಕಲಂ
೧೯೩೮ರ ಸುಮಾರಿಗೆ ಧಾರವಾಡದ ನಮ್ಮ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವವರು ಗುಮಾಸ್ತ ಏಕನಾಥರಾಯರ ಪ್ರಶ್ನೆಗಳನ್ನು ದಾಟಲೇಬೇಕಿತ್ತು. ರುಮಾಲು ಸರಿಪಡಿಸಿಕೊಂಡು, "ಸಂಕೋಚ ಬ್ಯಾಡ, ಖರೇ ಹೇಳ್ರಿ" ಎಂದು ವಯಸ್ಸು, ಮದುವೆ, ಮಕ್ಕಳು ಎಲ್ಲವನ್ನೂ ಓಣಿಗೆ ಕೇಳುವಂತೆ ವಿಚಾರಿಸುತ್ತಿದ್ದರು. ಹತ್ತಿಯ ವ್ಯಾಪಾರಿಗಳೂ ಅವರೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಒಮ್ಮೆ ಗಾಯಕಿ ತಾರಾಬಾಯಿ ಬಂದರು. "ತಂದಿ ಹೆಸರು?" ಎಂದಾಗ, ತಂದೆ ಯಾರೆಂದು ಅರಿಯದ ಆಕೆ ತಲೆ ತಗ್ಗಿಸಿದರು, ಹಿಂದೆ ನಿಂತವರು ನಕ್ಕರು. ರಾಯರ ಮುಖ ಕಪ್ಪಿಟ್ಟಿತು. "ತಪ್ಪು ನಂದು, ಬಾಯಾರ. ನಿಮ್ಮನ್ನ ಬೆಳೆಸಿದವರು ಯಾರ್ರಿ?" "ನಮ್ಮವ್ವ, ಅಂಬಾಬಾಯಿ." ಖಾತೆಯ ಅರ್ಜಿಯಲ್ಲಿ ಅಚ್ಚಾಗಿದ್ದ 'ತಂದೆ' ಎಂಬ ಪದವನ್ನು ಹೊಡೆದುಹಾಕಿ 'ತಾಯಿ ಅಂಬಾಬಾಯಿ' ಎಂದು ಬರೆದು, ಪಕ್ಕದಲ್ಲಿ ತಮ್ಮ ರುಜು ಹಾಕಿದರು. ಅಂದಿನಿಂದ ಎದುರಿಗೊಂದು ಕುರ್ಚಿ ಹಾಕಿಸಿದರು. ಯಾರೇ ಬಂದರೂ ಕೂಡಿಸಿ, ಅವರಿಗಷ್ಟೇ ಕೇಳುವಂತೆ, "ತಂದಿ, ಇಲ್ಲಾ ತಾಯಿ ಹೆಸರು ಹೇಳ್ರಿ" ಎನ್ನುತ್ತಿದ್ದರು.