ಬೀಸುವ ಕಲ್ಲಿನ ಮೋಟಾರು

ದಪ್ಪು ಕಾಯಿಸುವಾಗ ಏಳುವ ವಾಸನೆ ಗೊತ್ತಿದ್ದವರು ಈಗ ಎಷ್ಟು ಜನ ಉಳಿದಿದ್ದಾರೋ ನಾನರಿಯೆ. ಒಂದು ಹಿಡಿ ಜೋಳದ ಕಣಿಕೆಗೆ ಬೆಂಕಿ ಹಚ್ಚಿ, ಆ ಉರಿಯ ಮೇಲೆ ದಪ್ಪುವಾದ್ಯದ ಚರ್ಮವನ್ನು ಹಪ್ಪಳ ಸುಡುವ ಹಾಗೆ ಆಚೆ ಈಚೆ ಆಡಿಸುತ್ತಾರೆ. ಸಡಿಲಾದ ಚರ್ಮ ಬಿಗಿದುಕೊಂಡು ದನಿ ಏಳುತ್ತದೆ. ಆ ಹೊಗೆಯಲ್ಲಿ ಹೊಲವೂ ಇರುತ್ತದೆ, ದನದ ಮೈಯೂ ಇರುತ್ತದೆ. ಮೊನ್ನೆ ಮೊಮ್ಮಗಳ ಶಾಲೆಯ ಗ್ಯಾದರಿಂಗಿಗೆ ಹೋದಾಗ ಮಂಟಪದ ಹಿಂದೆ ಯಾರೋ ದಪ್ಪು ಕಾಯಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಮರ್ಯಾದೆಯಿಂದ ಕೂರಿಸಿದ್ದರು, ನಾನು ಎದ್ದು ಹೋಗಿ ಆ ಹೊಗೆಯ ಬಳಿ ನಿಂತುಬಿಟ್ಟೆ. ಮಗಳು ಹುಡುಕಿಕೊಂಡು ಬಂದು, "ಇಲ್ಲ್ಯಾಕ ನಿಂತೀಯವ್ವಾ, ಕಣ್ಣಾಗ ನೀರ ಬರಾಕತ್ತಾವ" ಎಂದಳು. ಹೊಗೆಗೆ ಎಂದೆ. ಅವಳು ನಂಬಿದಳು. ಹೊಗೆಯಿಂದ ಅಷ್ಟಾದರೂ ಉಪಕಾರವಿದೆ.

ನಮ್ಮ ಮನೆ ಇದ್ದದ್ದು ನಿಡಗುಂದಿಯಿಂದ ಹೊಳೆಯ ಕಡೆಗಿನ ಒಂದು ಹಳ್ಳಿಯಲ್ಲಿ. ಹುಡುಕಿಕೊಂಡು ಹೋಗಬೇಡಿ, ಈಗ ಅಲ್ಲಿ ಆಣೆಕಟ್ಟಿನ ನೀರು ನಿಂತಿದೆ. ನಾನು ಹೇಳುತ್ತಿರುವುದು ಆ ನೀರಿನ ಮಾತು ಯಾರ ಕನಸಿನಲ್ಲೂ ಇರದಿದ್ದ ಕಾಲದ್ದು. ನನ್ನ ಅಜ್ಜ ಊರಿನ ಗೌಡ. ಮಣ್ಣಿನ ಮಾಳಿಗೆಯ ದೊಡ್ಡ ಮನೆ, ಆಳೆತ್ತರದ ಗೋಡೆ, ಆನೆ ಬಂದು ಗುದ್ದಿದರೂ ಅಲುಗದಂಥ ಬಾಗಿಲು. ಆ ಬಾಗಿಲನ್ನು ಕಳ್ಳರಿಗೆ ಹೆದರಿ ಮಾಡಿಸಿದ್ದೆಂದು ಅಜ್ಜ ಹೇಳುತ್ತಿದ್ದ. ನನ್ನ ಬುದ್ಧಿ ಬಲಿತ ಮೇಲೆ ಒಂದು ಕಳ್ಳತನವೂ ಆದದ್ದನ್ನು ಕಾಣೆ. ಬಾಗಿಲು ಕಾದದ್ದು ಒಳಗಿನವರನ್ನು. ಒಳಗಿದ್ದವರಲ್ಲಿ ನನ್ನ ಅವ್ವ ಹಬ್ಬಕ್ಕೋ ಲಗ್ನಕ್ಕೋ ತವರಿಗೆ ಹೋಗಿ ಬರುತ್ತಿದ್ದಳು. ನಾನು ಶಾಲೆಗೆ ಹೋಗುತ್ತಿದ್ದೆ. ಎಲ್ಲಿಗೂ ಹೋಗದವಳು ನನ್ನ ಅತ್ತಿ ಗಂಗವ್ವ, ಅಪ್ಪನ ತಂಗಿ. ಸಿಂದಗಿಯ ಕಡೆ ಕೊಟ್ಟಿದ್ದರು. ಮೀಸೆ ಚಿಗುರುವ ವಯಸ್ಸಿನ ಗಂಡ ಜ್ವರ ಬಂದು ತೀರಿಕೊಂಡ ಮೇಲೆ ಕರೆದುಕೊಂಡು ಬಂದರು. ಬಸ್ಸಿಗೆ ಆಗ ನಾವು ಮೋಟಾರು ಎನ್ನುತ್ತಿದ್ದೆವು. ಅವಳನ್ನು ಮೋಟಾರಿನಲ್ಲಿ ಒಳಬದಿಗೆ ಕೂಡಿಸಿ, ಮುಖದ ತುಂಬ ಸೆರಗು ಎಳೆದು ತಂದರಂತೆ. "ಸಿಂದಗಿಯಿಂದ ಇಲ್ಲಿತನಕ ನನ್ನ ಸೀರಿ ಬಣ್ಣ ಒಂದ ನೋಡೇನಿ" ಎನ್ನುತ್ತಿದ್ದಳು. ಆಮೇಲೆ ಅವಳಿಗೆ ಆ ಬಾಗಿಲು ತೆರೆಯಲೇ ಇಲ್ಲ.

ಅಜ್ಜನಿಗೆ ಸಣ್ಣಾಟದ ಹುಚ್ಚು. ವಯಸ್ಸಿನಲ್ಲಿ ತಾನೇ ಬಣ್ಣ ಹಚ್ಚಿದವನು, ಗೌಡಕಿ ಬಂದ ಮೇಲೆ ಬಿಟ್ಟು, ಮೇಳವನ್ನು ಸಾಕುತ್ತಿದ್ದ. ಸುಗ್ಗಿ ಮುಗಿದ ಮೇಲೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಹೊರಗಿನ ಪಡಸಾಲೆಯಲ್ಲಿ ತಾಲೀಮು ಶುರುವಾಗುತ್ತಿತ್ತು. ಕಲಿಸುವವನು ಲಾಲಸಾಬ ಕಾಕಾ. ಹಗಲು ಹತ್ತಿ ಹಿಂಜಿ ಗಾದಿ ಹೊಲಿಯುವವನು, ಸಂಜೆ ಮೇಳದ ಹಿರಿಯ. ಮೀಸೆಯಲ್ಲಿ ಸದಾ ಒಂದೆರಡು ಎಳೆ ಹತ್ತಿ. ಸಣ್ಣಾಟದಲ್ಲಿ ಹಾಡು ಮೊದಲೇ ಕಟ್ಟಿದ್ದು, ನಡುವಿನ ಮಾತು ಮಾತ್ರ ಅವತ್ತಿನದು. ಯಾರೂ ಬರೆದುಕೊಟ್ಟದ್ದಲ್ಲ, ಬಾಯಿಪಾಠ ಮಾಡಿದ್ದಲ್ಲ. ಒಬ್ಬ ಏನೋ ಒಂದು ಅನ್ನುತ್ತಾನೆ, ಇನ್ನೊಬ್ಬ ಅದನ್ನು ಹಿಡಿದು ಮುಂದೆ ಒಯ್ಯಬೇಕು. ಒಂದು ಸಂಜೆ ರಾಣಿಯ ಪಾತ್ರದ ಹುಡುಗನಿಗೆ ರಾಜ, "ನಿನ್ನ ಕೈಯಾಗಿನ ಗಿಳಿ ಯಾರ ಕೊಟ್ಟರು?" ಎಂದು ಕೇಳಿದ. ರಾಣಿ ಪಾಪ, ತನ್ನ ಬರಿಗೈ ನೋಡಿಕೊಂಡು, "ಗಿಳಿ ಎಲ್ಲೈತಿ, ಇಲ್ಲಲ್ಲ" ಎಂದುಬಿಟ್ಟ. ದಪ್ಪು ನಿಂತಿತು. ಲಾಲಸಾಬ ಕಾಕಾ ಬೈಯಲಿಲ್ಲ. "ಅಂವ ನಿನಗ ಗಿಳಿ ಕೊಟ್ಟ, ನೀ ಅದರ ಗೋಣ ಮುರದಿ. ಆಟದಾಗ ಇಲ್ಲ ಅನ್ನಂಗಿಲ್ಲಪಾ. ಎದರಿನವ ಹಾಕಿದ ಮಾತ ಕೆಳಗ ಬೀಳಬಾರದು. ಹೂಂ ಅನ್ನು, ಅದರ ಮ್ಯಾಲೆ ನಿಂದೊಂದು ಇಡು" ಎಂದ. ಅಜ್ಜ ಲೋಡಿಗೆ ಒರಗಿ, "ಬರೋಬ್ಬರಿ" ಎಂದು ತೊಡೆ ತಟ್ಟಿದ.

ಇದನ್ನೆಲ್ಲ ನಾನು ಕೇಳಿದ್ದು ಪಡಸಾಲೆಯಲ್ಲಿ ಕುಳಿತಲ್ಲ. ಹೆಣ್ಣುಮಕ್ಕಳು ಅಲ್ಲಿ ಇಣುಕುವಂತಿರಲಿಲ್ಲ. ಪಡಸಾಲೆಯ ಗೋಡೆಯ ಆಚೆಗೆ ಬೀಸುವ ಕಲ್ಲಿನ ಕೋಣೆ, ಗೋಡೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ. ಊರಿನ ಹೆಂಗಸರೆಲ್ಲ ಬೆಳಗಿನ ಜಾವ ಬೀಸಿದರೆ ನಮ್ಮ ಅತ್ತಿ ದೀಪ ಹಚ್ಚಿದ ಮೇಲೆ ಬೀಸಲು ಕೂಡುತ್ತಿದ್ದಳು. ಸದ್ದಾಗಬಾರದೆಂದು ಕಲ್ಲನ್ನು ನಿಧಾನ ತಿರುಗಿಸುತ್ತ ಕಿವಿಯನ್ನು ಕಿಂಡಿಗೆ ಕೊಟ್ಟಿರುತ್ತಿದ್ದಳು. ಅಜ್ಜ ಕೆಮ್ಮಿದರೆ ಸಾಕು, ಮುಷ್ಟಿ ಕಾಳು ಸುರಿದು ಗರಗರ ತಿರುಗಿಸುವಳು. ಆ ಕೆಮ್ಮಿಗೆ ನಾವೆಲ್ಲ ಹೆದರುತ್ತಿದ್ದೆವು. ಅಜ್ಜ ನನ್ನನ್ನು ಒಮ್ಮೆಯೂ ಹೊಡೆದವನಲ್ಲ, ಆದರೂ ಆ ಕೆಮ್ಮು ಕೇಳಿದರೆ ಗೋಡೆಗಳು ಒಂದು ಗೇಣು ಒಳಕ್ಕೆ ಸರಿದಂತೆ ನನಗೆ ಅನ್ನಿಸುತ್ತಿತ್ತು.

ತಾಲೀಮು ಮುಗಿದ ಮೇಲೆ ನಮ್ಮ ಆಟ. ಕಲ್ಲಿನ ಗೂಟವನ್ನು ನಾನೊಂದು ಕೈ, ಅವಳೊಂದು ಕೈ ಹಿಡಿಯಬೇಕು. "ಮೋಟಾರ ಬಂತು ಅತ್ತಿ, ಹತ್ತು" ಎಂದು ನಾನು ಶುರು ಮಾಡುತ್ತಿದ್ದೆ. "ಹತ್ತೇನಿ. ಕಿಟಕಿ ಕಡೆ ನಾ ಕುಂದ್ರತೇನಿ." ನಾನೇ ಕಂಡಕ್ಟರನೂ ಆಗಿ ದನಿ ದಪ್ಪ ಮಾಡಿ, "ಎಷ್ಟ ಮಂದಿ ಅದೀರಿ?" ಎನ್ನಬೇಕು. "ಇಬ್ಬರ ಅದೀವ್ರಿ" ಎಂದು ಅವಳು ನಾಚಿಕೊಂಡು ಹೇಳುವಳು. ಕಲ್ಲು ತಿರುಗುತ್ತಿತ್ತು, ಮೋಟಾರು ಹೊರಡುತ್ತಿತ್ತು. ಅವಳನ್ನು ಸೋಲಿಸಬೇಕೆಂದು ನಾನು, "ಗೊಳಸಂಗಿ ಹಂತ್ಯಾಕ ಗಾಲಿ ಪಂಕ್ಚರ್ ಆತು" ಎನ್ನುತ್ತಿದ್ದೆ. "ಛಲೋನ ಆತು, ಇಳದು ಶೇಂಗಾ ತಿನ್ನೂಣು." "ಕೆಳಗ ಹುಲಿ ನಿಂತೈತಿ!" "ಹಸದಿರಬೇಕು ಪಾಪ. ಅದಕ್ಕೂ ಒಂದು ಹಿಡಿ ಶೇಂಗಾ ಕೊಡು." ಹೀಗೆ ಮುದ್ದೇಬಿಹಾಳ, ಸಿಂದಗಿ, ಇಂಡಿ ಎಲ್ಲ ಸುತ್ತಿದ್ದೇವೆ. ಆ ಕೋಣೆಗೆ ಹೊರಗಿನ ಬೆಳಕು ಬರುವಂಥ ಒಂದು ಕಿಟಕಿಯೂ ಇರಲಿಲ್ಲ. ಅವಳು ಮಾತ್ರ ಕಿಟಕಿಯ ಕಡೆಗೇ ಕೂತಿರುತ್ತಿದ್ದಳು.

ಆಟದ ವಿದ್ಯೆಯನ್ನು ಅತ್ತಿ ಅಡಿಗೆಮನೆಗೂ ತಂದಿದ್ದಳು. ಸಾರಿಗೆ ಉಪ್ಪು ಹೆಚ್ಚಾದರೆ ನಮ್ಮ ಅವ್ವ ಹಣೆ ಹಣೆ ಬಡಿದುಕೊಳ್ಳುವಳು. ಅತ್ತಿ ಅದನ್ನೇ ಬಡಿಸುತ್ತ, "ಇದು ಮಜ್ಜಿಗಿ ಜೋಡಿ ಉಣ್ಣೂ ಸಾರು" ಎನ್ನುವಳು, ಎಲ್ಲರೂ ಮಜ್ಜಿಗೆ ಬೆರೆಸಿ ಉಂಡು ಚೆನ್ನಾಗಿದೆ ಎನ್ನುತ್ತಿದ್ದರು. ಅಜ್ಜ ಏನೇ ಹೇಳಲಿ, ಅವಳ ಬಾಯಲ್ಲಿ "ಹೌದ ಯಪ್ಪಾ". ಅದರ ಮೇಲೆ ತನ್ನದೊಂದು ಇಟ್ಟು ಮಾತನ್ನು ಸ್ವಲ್ಪವೇ ಸ್ವಲ್ಪ ತಿರುಗಿಸುವಳು. ನಾನು ಆರನೆಯ ಇಯತ್ತೆ ಮುಗಿಸಿದಾಗ ಅಜ್ಜ ಸಾಕು ಎಂದ. "ಹೌದ ಯಪ್ಪಾ, ಸಾಕು. ಮುಲ್ಕಿ ಒಂದ ಆಗಲಿ, ಗೌಡ್ರ ಮೊಮ್ಮಗಳು ನಟ್ಟನಡಕ ಬಿಟ್ಟಳು ಅನ್ನಬಾರದು" ಎಂದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ ಒಂದು ವರ್ಷ ಸಿಕ್ಕಿತು. ಆಗ ನನಗೆ ಅವಳು ಎಲ್ಲರನ್ನೂ ಗೆದ್ದವಳಂತೆ ಕಾಣುತ್ತಿದ್ದಳು. ಈಗ ಯೋಚಿಸಿದರೆ ಮೈ ಉರಿಯುತ್ತದೆ. ಆಟದಲ್ಲಿ ಇಲ್ಲ ಅನ್ನಬಾರದೆಂಬ ಕಟ್ಟಳೆ ರಾಜನಿಗೂ ಇರುತ್ತದೆ, ರಾಣಿಗೂ ಇರುತ್ತದೆ. ನಮ್ಮ ಮನೆಯಲ್ಲಿ ಅದು ಒಬ್ಬಳಿಗೇ ಇತ್ತು.

ಮುಲ್ಕಿ ಪಾಸಾದ ಬೇಸಿಗೆಯಲ್ಲಿ ನನ್ನನ್ನು ನೋಡಲು ಇಂಡಿಯ ಕಡೆಯವರು ಬಂದರು. ಹೊಲಮನೆ ದೊಡ್ಡದು, ಹುಡುಗ ಒಬ್ಬನೇ ಮಗ, ಅಜ್ಜ ಮನಸ್ಸಿನಲ್ಲಿ ಸಕ್ಕರೆ ಹಂಚಿಯೇಬಿಟ್ಟಿದ್ದ. ಅತ್ತಿಯ ಸೀರೆಯೊಂದನ್ನು ನನಗೆ ಸುತ್ತಿ ಮಣೆಯ ಮೇಲೆ ಕೂಡಿಸಿದರು. ಬಾಗಿಲ ಸಂದಿಯಲ್ಲಿ ಅತ್ತಿ ನಿಂತಿದ್ದಳು, ಮೈಯೆಲ್ಲ ಒಳಗೆ, ಒಂದು ಪಾದ ಮಾತ್ರ ಹೊಸ್ತಿಲ ಮೇಲೆ. ಅಜ್ಜನ ಪಕ್ಕದಲ್ಲಿ ಲಾಲಸಾಬ ಕಾಕಾ ಎಲೆಗೆ ಸುಣ್ಣ ಸವರುತ್ತ ಕುಳಿತಿದ್ದ. ಬಂದವರಲ್ಲಿ ಹಿರಿಯನಾದವನು, "ಹುಡುಗೀದು ಸಾಲಿ ಎಷ್ಟ ಆಗೇತ್ರಿ?" ಎಂದು ಕೇಳಿದ. ನಾನು ತಲೆ ಎತ್ತುವುದರೊಳಗೆ ಬಾಗಿಲಿನಿಂದ ಅತ್ತಿಯ ದನಿ ಬಂತು: "ಮುಲ್ಕಿ ಪಾಸ ಆಗ್ಯಾಳ್ರಿ. ಇನ್ನ ಬಾಗೇವಾಡಿಗೆ ಹೈಸ್ಕೂಲಿಗೆ ಹಚ್ಚೂದೈತ್ರಿ. ನಮ್ಮಪ್ಪಾರು ಹ್ವಾದ ವಾರನ ಹೋಗಿ ಖೋಲಿ ನೋಡಿ ಬಂದಾರ್ರಿ."

ಅಜ್ಜ ಹೋದ ವಾರ ಬಸವನ ಬಾಗೇವಾಡಿಗೆ ಹೋಗಿದ್ದು ನಿಜ, ಎತ್ತು ನೋಡಲು. ನಾನು ಉಳಿಯುವ ಖೋಲಿ ಎಲ್ಲಿಂದ ಬಂತು? ಅಜ್ಜ ಕೆಮ್ಮುತ್ತಾನೆ, ಎಲ್ಲ ಮುಗಿಯುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆಗ ಲಾಲಸಾಬ ಕಾಕಾ ಎಲೆಯನ್ನು ಮಡಚುತ್ತ ತಣ್ಣಗೆ ಹೇಳಿದ: "ನಾನೂ ಸಂಗಾಟ ಹೋಗಿದ್ನೆಲ್ರಿ ಗೌಡ್ರ. ಖೋಲಿ ಛಲೋ ಐತಿ, ಗಾಳಿ ಬರ್ತೈತಿ." ಅಜ್ಜ ಅವನ ಮುಖ ನೋಡಿದ, ಬಾಗಿಲ ಕಡೆ ನೋಡಿದ. ಮಗಳು ಸುಳ್ಳು ಹೇಳುತ್ತಾಳೆ ಎಂದು ಬೀಗರಾಗುವವರ ಮುಂದೆ ಅನ್ನುವ ಹಾಗಿರಲಿಲ್ಲ. ಆದರೆ ಅದಷ್ಟೇ ಅಲ್ಲ. ಹಳೆಯ ಆಟಗಾರನ ಮುಂದೆ ಮಾತು ಬಂದು ನಿಂತಿತ್ತು, ಅದು ಕೆಳಗೆ ಬೀಳುವುದನ್ನು ಅವನ ಜೀವ ಸಹಿಸದು. "ಗಾಳಿ ಬರ್ತೈತಿ" ಎಂದ ಅಜ್ಜ, ತನ್ನ ದನಿಗೆ ತಾನೇ ಬೆರಗಾದವನಂತೆ. "ಖರೇ, ನೀರ ಒಂದೀಟು ದೂರ."

ಹಿರಿಯ ಬಿಡಲಿಲ್ಲ. "ಹೆಣ್ಣ ಹುಡುಗಿ, ಒಬ್ಬಾಕೀನ ಹ್ಯಾಂಗ ಬಿಡ್ತೀರಿ ಗೌಡ್ರ? ಮಾಡಿ ಹಾಕಾಕ ಸಂಗಾಟ ಯಾರರ ಬೇಕಲ್ಲ?" ನಾನು ಅತ್ತಿಯ ಕಡೆ ತಿರುಗಿದೆ. ಇದು ಅವಳಿಗೇ ಬಂದ ಮಾತು. ಇಬ್ಬರ ಅದೀವ್ರಿ ಎನ್ನಬೇಕು, ಅಷ್ಟೇ. ಹೊಸ್ತಿಲ ಮೇಲಿದ್ದ ಅವಳ ಪಾದ ಒಂದು ಬೆರಳಷ್ಟು ಈಚೆ ಬಂದದ್ದನ್ನು ಕಂಡೆ. ಅವಳ ತುಟಿ ತೆರೆಯಿತು. ಆದರೆ ಅಜ್ಜ ಅವಳಿಗಿಂತ ದೊಡ್ಡ ಆಟಗಾರ. "ಖೋಲಿ ಇರೂದ ನಮ್ಮ ಸಂಬಂಧಿಕರ ಮನ್ಯಾಗರಿ. ಆ ಮುದುಕಿ ಮಾಡಿ ಹಾಕ್ತಾಳ. ಇಲ್ಲಂದ್ರ ಗಂಗವ್ವನ್ನ ಕಳಸ್ತಿದ್ನಿ, ಆದ್ರ ಆಕಿ ಇಲ್ದ ಈ ಮನಿ ಒಲಿ ಹತ್ತೂದಿಲ್ಲ. ಹೌದಲ್ಲೇನ ಗಂಗವ್ವಾ?" ಎಲ್ಲರೂ ಬಾಗಿಲ ಕಡೆ ನೋಡಿದರು. ಪಾದ ಒಳಕ್ಕೆ ಸರಿಯಿತು. "ಹೌದ ಯಪ್ಪಾ" ಎಂದಳು ಅತ್ತಿ. ಅದರ ಮೇಲೆ ತನ್ನದೊಂದನ್ನು ಇಡಲಿಲ್ಲ.

ಬಂದವರಿಗೆ ಆ ವರ್ಷವೇ ಲಗ್ನ ಬೇಕಿತ್ತು, ಹೈಸ್ಕೂಲು ಮುಗಿಯುವ ತನಕ ಕಾಯುವವರಲ್ಲ. ಉಪ್ಪಿಟ್ಟು ತಿಂದು, ಚಹಾ ಕುಡಿದು ಹೋದರು. ಅಜ್ಜ ಕೂಗಾಡಲಿಲ್ಲ. ನೀರು ತಂದುಕೊಟ್ಟ ಅತ್ತಿಗೆ, "ಗಂಗವ್ವಾ, ನೀ ಗಂಡಸಾಗಿ ಹುಟ್ಟಿದ್ರ ಮೇಳಾನ ನಿನ್ನ ಕೈಯಾಗ ಕೊಡ್ತಿದ್ನಿ" ಎಂದ. ಅದು ಮೆಚ್ಚುಗೆಯ ಮಾತೇ ಇರಬೇಕು. ಅವಳು ಖಾಲಿ ತಂಬಿಗೆ ಇಸಿದುಕೊಂಡು ಒಳಗೆ ಹೋಗಿ ಕಲ್ಲಿನ ಮುಂದೆ ಕುಳಿತಳು. ಅವತ್ತು ಸದ್ದು ಮಾಡಿಯೇ ಬೀಸಿದಳು. ಗೌಡನ ಬಾಯಿಂದ ಬಂದ ಖೋಲಿ ಸುಳ್ಳಾಗಬಾರದೆಂದು ಅಜ್ಜ ಮರುದಿನ ಬಾಗೇವಾಡಿಗೆ ಹೋಗಿ, ದೂರದ ಸಂಬಂಧದ ಮುದುಕಿಯೊಬ್ಬಳನ್ನು ಹುಡುಕಿ, ಖೋಲಿಯನ್ನೂ ಗೊತ್ತುಮಾಡಿ ಬಂದ. ಗಾಳಿ ನಿಜಕ್ಕೂ ಬರುತ್ತಿತ್ತು, ನೀರು ನಿಜಕ್ಕೂ ದೂರವಿತ್ತು.

ಶಾಲೆ ಶುರುವಾದಾಗ ನಾನು ಹೊರಟೆ. ಅತ್ತಿ ದೊಡ್ಡ ಬಾಗಿಲ ಒಳಗೇ ನಿಂತು, "ಕಿಟಕಿ ಕಡೆ ಕುಂದ್ರು. ಏನೇನ ಕಂಡಿ ಬಂದ ಹೇಳು" ಎಂದಳು. ಪ್ರತಿ ರಜೆಗೆ ಬಂದಾಗಲೂ ದಾರಿಯ ಒಂದೊಂದು ಬೇವಿನ ಗಿಡವನ್ನೂ ಹೇಳಿಸಿಕೊಳ್ಳುತ್ತಿದ್ದಳು. ನಾನು ಓದಿದೆ, ಮಾಸ್ತರಕಿಯ ತರಬೇತಿ ಮುಗಿಸಿದೆ, ಮುದ್ದೇಬಿಹಾಳದಲ್ಲಿ ನೌಕರಿ ಹಿಡಿದೆ. ವರ್ಗದಲ್ಲಿ ಮಕ್ಕಳು ತಪ್ಪು ಉತ್ತರ ಕೊಟ್ಟರೆ ಎಂದೂ ನನ್ನ ಬಾಯಿಗೆ ಇಲ್ಲ ಎಂಬುದು ಬರುತ್ತಿರಲಿಲ್ಲ, ಆ ಗಿಳಿಯ ಗೋಣು ನೆನಪಾಗುತ್ತಿತ್ತು. ತಪ್ಪಿನ ಕೈ ಹಿಡಿದೇ ಸರಿಯ ತನಕ ನಡೆಸಿಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಮಾತ್ರ ಇಲ್ಲ ಎನ್ನುವುದನ್ನು ಧಾರಾಳವಾಗಿ ಕಲಿತೆ. ನಮ್ಮ ಯಜಮಾನರನ್ನು ಕೇಳಿದರೆ ಹೇಳುತ್ತಿದ್ದರು.

ಅಜ್ಜ ತೀರಿಕೊಂಡ ವರ್ಷ, ಕ್ರಿಯಾಕರ್ಮವೆಲ್ಲ ಮುಗಿದ ಮೇಲೆ, ನಾನು ಅತ್ತಿಯನ್ನು ಕರೆದುಕೊಂಡು ಹೋಗಲೆಂದೇ ಬಂದೆ. ಬಾಗಿಲು ಹಗಲೆಲ್ಲ ತೆರೆದೇ ಇತ್ತು, ಕೆಮ್ಮುವವರಿರಲಿಲ್ಲ, ನನ್ನ ಅಪ್ಪನದೂ ಅಡ್ಡಿಯಿರಲಿಲ್ಲ. ಅವಳು ಕಲ್ಲಿನ ಮುಂದೆ ಕುಳಿತಿದ್ದಳು. ಊರಿನ ಅಗಸಿಬಾಗಿಲ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ನಾನು ಹುಡುಗಿಯ ದನಿ ತಂದುಕೊಂಡು, "ಮೋಟಾರ ಬಂತು ಅತ್ತಿ, ಹತ್ತು" ಎಂದೆ. ಅವಳು ಕಲ್ಲು ನಿಲ್ಲಿಸಿದಳು. ಹಿಟ್ಟಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಗಲ್ಲ ಹಿಡಿದಳು.

"ಒಲ್ಲೆ" ಎಂದಳು.

ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಮುಖ ನೋಡಿ ಅವಳೇ ಹೇಳಿದಳು: "ಗಿಳಿ ಗೋಣ ಮುರದ್ಲು ಅನಕೋಬ್ಯಾಡ ನನ್ನವ್ವಾ. ಹುಟ್ಟಿದಾಗಿಂದ ಯಾರ ಏನಂದ್ರೂ ಹೌದು ಅಂದೇನಿ. ನೀ ಹೇಳಿದ್ದಕ್ಕೂ ಹೌದ ಅಂದ್ರ, ನಂದು ಅನ್ನೂ ಮಾತು ಯಾವಾಗ ಆಡ್ಲಿ? ಇದೊಂದರ ನಂದ ಇರಲಿ." ನಾನು ಜಗಳಾಡಿದೆ, ಅತ್ತುಬಿಟ್ಟೆ, ಕೈ ಹಿಡಿದು ಎಳೆದೆ. ಅವಳು ನಗುತ್ತಲೇ ಇದ್ದಳು. ಅಂಥ ಹಗುರವಾದ ನಗೆಯನ್ನು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ. ಬೀಗ ತೆಗೆದ ದಿನವೇ ಆ ಸ್ವಾತಂತ್ರ್ಯವನ್ನೆಲ್ಲ ಒಳಗೇ ಉಳಿಯುವುದಕ್ಕೆ ಖರ್ಚು ಮಾಡಿಬಿಟ್ಟಳಲ್ಲ ಎಂದು ನನಗೆ ತಡೆಯಲಾರದ ಸಿಟ್ಟು, ತಡೆಯಲಾರದ ಅಳು. ಇಷ್ಟು ವಯಸ್ಸಾದರೂ ಎರಡೂ ಆರಿಲ್ಲ.

ಬಸ್ಸು ಮತ್ತೆ ಹಾರ್ನು ಮಾಡಿತು. ನಾನು ಓಡಿಹೋಗಿ ಹತ್ತಿದೆ, ಒಳಬದಿಗೆ ಕುಳಿತೆ, ಕಿಟಕಿಯ ಕಡೆಯ ಜಾಗ ಬಿಟ್ಟೆ. ಹೊರಗೆ ಯಾವುದೋ ಹೊಲದಲ್ಲಿ ಕಣಿಕೆ ಸುಡುತ್ತಿದ್ದರು. ಕಂಡಕ್ಟರ ಬಂದು, "ಎಷ್ಟ ಮಂದಿ ಅದೀರಿ ಬಾಯಾರ?" ಎಂದ. ನಾನು ಪಕ್ಕದ ಖಾಲಿ ಜಾಗದ ಕಡೆ ತಿರುಗಿದೆ. ಅವನು ಇನ್ನೊಮ್ಮೆ ಕೇಳಿದ.

"ಒಬ್ಬಾಕೀರಿ" ಎಂದೆ.